ತತ್ತಿ ದಿನ

ಅರವತ್ಮೂರು ತತ್ತಿ, ಒಂಬತ್ತು ಬಾಳಿಹಣ್ಣು.
ದೊಡ್ಡ ಬಾಯಾರು ಬರದ ಚೀಟಿ ಸೆರಗಿನ ತುದಿಗೆ ಗಂಟು ಹಾಕ್ಕೊಂಡು
ಮುಂಜಾನೆ ಹತ್ತರಿಂದ ನಿಂತೇನಿ.
ನೀರು ಕುದ್ದಂಗೆಲ್ಲಾ ಬೋಗಾಣಿಯೊಳಗ ತತ್ತಿಗೋಳು
ಒಂದಕ್ಕೊಂದು ಡಿಕ್ಕಿ ಹೊಡದು ಏನೇನೋ ಹೇಳಿಕೊಳ್ತಾವ.
ಹೊರಗ ಬೆಟಗೇರಿ ಮಗ್ಗದ ಸಪ್ಪಳ.
ಎರಡರೊಳಗ ಯಾವುದು ಯಾವುದೋ, ಒಮ್ಮೊಮ್ಮೆ ತಿಳಿಯೂದುಲ್ಲ.

ಘಂಟಿ ಆತು. ಎರಡು ಸಾಲು.
ಉದ್ದಂದು ತತ್ತಿದು,
ಗ್ವಾಡಿ ಮಗ್ಗಲದ್ದು ಬಾಳಿಹಣ್ಣಿಂದು.
ಅನ್ನಕ್ಕ ಸಾರಿಗೆ ಒಂದ ಸಾಲಿನ್ಯಾಗ ನೂಕ್ಯಾಡೂ ಹುಡುಗೋರು
ಇವತ್ತ ಬ್ಯಾರೆ ಬ್ಯಾರೆ.
ನಾಲ್ಕನೇತ್ತಾ ನೀಲಗಂಗಾ ಗ್ವಾಡಿ ಕಡೆ,
ಆಕಿ ಗೆಳೆಯ ಗೋಲಕ ಬಿಸಲಿನ ಕಡೆ.
ನಿಂತಲ್ಲೆ ಸನ್ನಿ ಮಾಡತಾವು.

ಗೋಲಕ ದೂರದಾಂವ, ಒಡಿಶಾದಾಂವ.
ಗಾಳಿ ಫ್ಯಾನು ನಿಲ್ಲಸೂ ಕಂಪನಿಯೊಳಗ ಅವರಪ್ಪ.
ಬಂದ ದಿನಾನ ಹುಡುಗೋರು ಸುತ್ತಗಟ್ಟಿ
"ಗೋಲಕಾ, ಬಾಯಿ ತಗೀ, ರೊಕ್ಕಾ ಹಾಕತೇವಿ" ಅಂದು ಕುಣದ್ರು.
ಅಂವಗ ಏನ್ ತಿಳೀಬೇಕು? ಖರೇನ ಬಾಯಿ ತಗದ.
ಆಗ ಈಕಿ ಬಂದು
ಮನಿಯಿಂದ ತಂದ ಗುರೆಳ್ಳು ಹಿಂಡಿ, ಒಂದು ಚಿಮಟಿಗಿ,
ಆ ಬಾಯಿಗೆ ಹಾಕಿಬಿಟ್ಟಳು.
ಅಂವ ಕೆಮ್ಮಿದ. ಕಣ್ಣಾಗ ನೀರು.
ಕರೀ ನಾಲಿಗಿ ಹೊರಗ ಹಾಕಿ ನಿಂತ.
ಆಮ್ಯಾಲ, ಬಾಯಿ ಮತ್ತ ತಗದ.

ಅವತ್ತಿಂದ ಅಂವ ಕಲತ ಕನ್ನಡ ಎಲ್ಲಾ ತಿನ್ನೂದ:
ಹಿಂಡಿ. ಪುಂಡಿಪಲ್ಲೆ. ಇನ್ನೊಂದೀಟ.
ಕಟಕ್ ರೊಟ್ಟಿ ಅಂದ್ರ ಭಾಳ ಪ್ರೀತಿ,
ಅವರೂರ ಹೆಸರೂ ಕಟಕ್ ಅಂತ,
ರೊಟ್ಟಿ ತನ್ನೂರಿಂದನ ಬಂದೈತಿ ಅಂತ ತಿಳದಾನ.
ಆಕಿ ಕಲತದ್ದು ಪಖಾಳ,
ರಾತ್ರಿ ಅನ್ನಕ್ಕ ನೀರು ಹಾಕಿಟ್ಟು ಮುಂಜಾನೆ ಉಣ್ಣೂದಂತ.
"ಅಯ್ಯ, ನಮ್ಮಾಯಿ ಅದನ್ನ ದನಕ್ಕ ಇಡತಾಳ" ಅಂದಿದ್ದಳು.
ಮರುದಿನ ತಾನೂ ಉಂಡು ಬಂದು
"ಉಳ್ಳಾಗಡ್ಡಿ ಬೇಕ ನೋಡ ಅದಕ್ಕ" ಅಂತ ಅಂವಗ ಹೇಳಿಕೊಟ್ಟಳು.

ಸಾಲು ಮುಗೀತು ಅಂದ್ರ ಬೇವಿನ ಕಟ್ಟಿ ಮ್ಯಾಲೆ ಇಬ್ಬರೂ.
ತತ್ತಿ ಆಕಿ ಕೈಗೆ ಬರತೈತಿ.
ಅಂವನ ಹಣಿಗೆ ಬಡದು, ಉಗುರು ತೂರಿಸಿ,
ಚೂರಾಗಲಾರದಂಗ ಉದ್ದಕ್ಕ ಬಿಡಸತಾಳ,
ಕಂಡಿಕಿಯಿಂದ ನೂಲು ಬಿಚ್ಚಿದಂಗ.
ಬಿಡಸಾಕಿ ಈಕಿ. ತಿನ್ನಾಂವ ಅಂವ.
ಬೆರಳು ನೆಕ್ಕಿದಳೋ ಇಲ್ಲೋ,
ನಾ ಆಗ ಸೌಟು ತೊಳಿಯಾಕ ಹತ್ತಿರತೇನಿ.

ಒಂದಿನ ಅವರಾಯಿ ಬಂದಳು, ಕೋಲೂರಕೊಂತ.
"ಹುಡುಗಿ ಕೈ ಏನೋ ನಾರತೈತಿ."
ಸಾಬೂನು ತೀರೈತ್ರಿ, ಅಂದೆ.
ಅದೂ ಖರೇನ ಇತ್ತು.
ಮುದುಕಿ ಬೋಗಾಣಿ ಕಡೆ ನೋಡಿಕೋತ ನಿಂತಳು.
ಹೊತ್ತಾತು.
"ಬೆಚ್ಚಗಿರತೈತೇನ ಅದು?"
ನಾ ಮಾತಾಡಲಿಲ್ಲ. ಒಂದು ತಗದು ಅಂಗೈಯಾಗ ಇಟ್ಟೆ.
ಐವತ್ತು ವರ್ಷ ಕಂಡಿಕಿ ಸುತ್ತಿದ ಕೈ
ಅದರ ಸುತ್ತ ಸಾವಕಾಶ ಮುಚ್ಚಿಕೊಂತು.
"ಇಷ್ಟ ಹಗರಾ?" ಅಂದಳು.
ಆಮ್ಯಾಲ ತಿರುಗಿ ಇಟ್ಟು
"ಎಣಿಕಿ ತಪ್ಪೀತು, ನೋಡ್ಕೋ" ಅಂದು ಹೋದಳು.

ನಿನ್ನೆ ನೀಲಗಂಗಾ ಬಂದಿರಲಿಲ್ಲ, ಜ್ವರ.
ಗೋಲಕ ಗ್ವಾಡಿ ಕಡೆ ಸಾಲಿನ್ಯಾಗ ನಿಂತಿದ್ದ.
"ಯಾಕಲೇ, ಇತ್ತಾಗ?"
"ಬಿಡಸಾಕಿ ಬಂದಿಲ್ರೀ."
ಆಕಿ ಪಾಲಿನ ಹಣ್ಣು ಅಂವಗ ಕೊಟ್ಟೆ.
ಹಣ್ಣಿನ ಲೆಕ್ಕ ಸರಿಯಾತು, ತತ್ತಿ ಒಂದು ಉಳೀತು.
ಅರ್ಧ ತಿಂದ,
ಅರ್ಧ ಚೊಣ್ಣದ ಕಿಸೇಕ ಇಟ್ಟ, ಆಕಿಗೆ.
ಸಾಲಿ ಬಿಡೂ ಹೊತ್ತಿಗೆ ಅದು ಏನಾಗತೈತಿ ಅಂತ
ನನಗ ಗೊತ್ತಿತ್ತು.
ಹೇಳಲಿಲ್ಲ.